ಹಗಲು ತಕ್ಕಡಿಗೆ, ಸಂಜೆ ನನಗೆ

ಪ್ರೋತ್ಸಾಹ ಎಂಬ ಮಾತನ್ನು ನಮ್ಮಪ್ಪ ಕಿಲೋಗಳಲ್ಲಿ ಅರ್ಥ ಮಾಡಿಕೊಂಡವರು. ಮಕ್ಕಳಿಗೆ ಯಾವ ಆಸೆ ಹುಟ್ಟಿದರೂ ಅದಕ್ಕೆ ಬೇಕಾದ ಸಾಮಾನು ನಮ್ಮ ಎಣ್ಣೆ ಮಿಲ್ಲಿನಲ್ಲೇ ಎಲ್ಲೋ ಬಿದ್ದಿರುತ್ತದೆ ಎಂಬುದು ಅವರ ನಂಬಿಕೆ. ಅಣ್ಣನಿಗೆ ತಬಲಾ ಕಲಿಯುವ ಹುಚ್ಚು ಹಿಡಿದಾಗ ಎರಡು ಖಾಲಿ ಎಣ್ಣೆ ಡಬ್ಬ ಕೊಟ್ಟು, ಮೊದಲು ಇದರ ಮೇಲೆ ಕೈ ಕೂಡಲಿ ಎಂದಿದ್ದರು. ಕೈ ಕೂಡುವ ಮೊದಲೇ ಅಕ್ಕಪಕ್ಕದವರ ತಾಳ್ಮೆ ಮುಗಿದು ಅಣ್ಣ ತಬಲಾ ಬಿಟ್ಟ. ಡಬ್ಬಗಳು ಮತ್ತೆ ಎಣ್ಣೆ ತುಂಬಿಕೊಂಡು ವ್ಯಾಪಾರಕ್ಕೆ ಹೋದವು. ಯಾರಿಗೂ ನಷ್ಟವಾಗಲಿಲ್ಲ ಎಂದು ಅಪ್ಪ ಬಹಳ ದಿನ ಸಂತೋಷದಿಂದ ಹೇಳಿಕೊಳ್ಳುತ್ತಿದ್ದರು.

ಇದನ್ನು ಜಿಪುಣತನ ಎಂದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಹಬ್ಬಕ್ಕೆ ಬಟ್ಟೆ, ಊಟಕ್ಕೆ ತುಪ್ಪ, ಕಾಲೇಜಿಗೆ ಪುಸ್ತಕ ಯಾವುದಕ್ಕೂ ಅವರು ಕೈ ಬಿಗಿ ಹಿಡಿದವರಲ್ಲ. ಆದರೆ ಕಬ್ಬಿಣ ಮನೆಯಲ್ಲಿರುವಾಗ ಕಬ್ಬಿಣ ಕೊಳ್ಳುವುದು ಅವರ ಪಾಲಿಗೆ ಒಂದು ಬಗೆಯ ಅವಮಾನ. ಚಳ್ಳಕೆರೆಯಲ್ಲಿ ಆಗ ಬೀದಿಗೊಂದು ಎಣ್ಣೆ ಮಿಲ್ಲು. ನಮ್ಮದು ಅಜ್ಜ ಕಟ್ಟಿದ್ದು. ಮುಂದೆ ಅಂಗಡಿ, ಹಿಂದೆ ಮಿಲ್ಲು, ಅದರ ಹಿಂದೆ ಅಂಗಳ, ಅಂಗಳ ದಾಟಿದರೆ ಮನೆ. ಅಂಗಳದ ಮೂಲೆಯಲ್ಲಿ ಶೇಂಗಾ ಹೊಟ್ಟಿನ ರಾಶಿ ವರ್ಷಪೂರ್ತಿ ಇರುತ್ತಿತ್ತು. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ನೆತ್ತಿಗೆ 'ನ್ಯಾಯವಾದ ತೂಕವೇ ನಮ್ಮ ಬಂಡವಾಳ' ಎಂದು ಅಜ್ಜ ಬರೆಸಿದ ಬೋರ್ಡು. ದೇವರ ಪಟಕ್ಕೆ ಹೂ ಹಾಕುವುದನ್ನು ಅಪ್ಪ ಮರೆತಾರು, ಆ ಬೋರ್ಡಿನ ಧೂಳು ಒರೆಸುವುದನ್ನು ಮರೆಯುತ್ತಿರಲಿಲ್ಲ.

ನಾನು ಪಿಯುಸಿ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಕಾಲೇಜಿನ ಪಿ.ಟಿ. ಮೇಷ್ಟ್ರಿಗೆ ತಾಲ್ಲೂಕು ಕ್ರೀಡಾಕೂಟಕ್ಕೆ ಹುಡುಗಿಯರ ಹೆಸರು ತುಂಬಿಸಬೇಕಿತ್ತು. ಓಟಕ್ಕೆ ಹೇಗೋ ನಾಲ್ಕು ಜನ ಸಿಕ್ಕಿದ್ದರು. ಗುಂಡು ಎಸೆತಕ್ಕೆ ಯಾರೂ ಇರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ನನ್ನ ಮೈಕಟ್ಟು ನೋಡಿ ಅವರು ಮರ್ಯಾದೆಯಿಂದಲೇ, ಒಂದು ಸಲ ಎತ್ತಿ ನೋಡಮ್ಮ ಎಂದರು. ನಾನು ಎತ್ತಿದೆ, ಎಸೆದೆ. ಗುಂಡು ಸುಣ್ಣದ ಗೆರೆಗಳನ್ನೆಲ್ಲ ದಾಟಿ, ಸೈಕಲ್ ಸ್ಟ್ಯಾಂಡಿನ ಕಡೆ ಉರುಳಿಕೊಂಡು ಹೋಯಿತು. ಮೇಷ್ಟ್ರು ಸೀಟಿ ಊದುವುದನ್ನೇ ಮರೆತರು.

ಆ ಹೊತ್ತಿನ ಸುಖವನ್ನು ಈಗಲೂ ನೇರವಾಗಿಯೇ ಹೇಳುತ್ತೇನೆ. ಮೆಲ್ಲಗೆ ನಡಿ, ಮೆಲ್ಲಗೆ ನಗು, ಪಾತ್ರೆ ಮೆಲ್ಲಗೆ ಇಡು ಎಂದು ಕೇಳಿಯೇ ಬೆಳೆದವಳು ನಾನು. ಒಂದು ವಸ್ತುವನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಸೆಯಬಹುದು, ಎಸೆದರೆ ಬೈಯುವ ಬದಲು ಚಪ್ಪಾಳೆ ತಟ್ಟುತ್ತಾರೆ ಎಂಬುದು ನನಗೆ ಅಂದೇ ಗೊತ್ತಾದದ್ದು. ತಾಲ್ಲೂಕು ಕೂಟದಲ್ಲಿ ನಾನೇ ಮೊದಲು ಬಂದೆ. ಸ್ಪರ್ಧೆಗೆ ಇದ್ದದ್ದು ಮೂವರು, ಅವರಲ್ಲಿ ಒಬ್ಬಳು ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಕಾಲ ಬಳಿಯೇ ಹಾಕಿಕೊಂಡಳು ಎಂಬ ವಿವರವನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಬೆನ್ನ ಮೇಲೆ ಕರ್ನಾಟಕ ಎಂದು ಬರೆದ ಅಂಗಿ ತೊಡಬೇಕು ಎಂಬ ಆಸೆ ಹುಟ್ಟಿದ್ದು ಆಗಲೇ. ಅದಕ್ಕೆ ರಾಜ್ಯಮಟ್ಟದ ಕೂಟಕ್ಕೆ ಹೋಗಬೇಕು, ಅಲ್ಲಿ ಗೆಲ್ಲಬೇಕು. ದಾರಿ ಸರಳವಾಗಿಯೇ ಕಂಡಿತ್ತು.

ಮೇಷ್ಟ್ರು ಒಂದು ಸಂಜೆ ಅಂಗಡಿಗೆ ಬಂದು, ನಿಮ್ಮ ಹುಡುಗಿ ದಿನಾ ಅಭ್ಯಾಸ ಮಾಡಬೇಕು, ಕಾಲೇಜಿನ ಗುಂಡು ಒಂದೇ ಇರುವುದು, ಅದೂ ಪ್ರಿನ್ಸಿಪಾಲರ ಬೀರುವಿನಲ್ಲಿರುತ್ತದೆ, ದಾವಣಗೆರೆಯಲ್ಲಿ ಆಟದ ಸಾಮಾನಿನ ಅಂಗಡಿ ಇದೆ, ನಾಲ್ಕು ಕಿಲೋದ ಒಂದು ಗುಂಡು ತರಿಸಿ ಎಂದರು. ಅಪ್ಪ ಅವರಿಗೆ ಟೀ ತರಿಸಿದರು. ನಾಲ್ಕು ಕಿಲೋ ಕಬ್ಬಿಣಕ್ಕಾಗಿ ದಾವಣಗೆರೆಗೆ ಹೋಗುವುದೆಂದರೇನು ಎಂದು ಮನಸಾರೆ ನಕ್ಕರು. ಆಮೇಲೆ ಹಿಂಡಿ ತೂಗುವ ತಕ್ಕಡಿಯಿಂದ ಐದು ಕಿಲೋ ತೂಕದ ಬಟ್ಟನ್ನು ಎತ್ತಿ ಮೇಜಿನ ಮೇಲಿಟ್ಟರು. ಆರು ಮೂಲೆಯ, ಕಪ್ಪಗಿನ, ತಲೆಮಾರು ಕಂಡ ಬಟ್ಟು.

ಮೇಷ್ಟ್ರು ಹಿಂದೆಮುಂದೆ ನೋಡಿ, ಗುಂಡು ದುಂಡಗಿರುತ್ತದೆ ಎಂದು ನೆನಪಿಸಿದರು.

"ಆಕಾರ ಕಟ್ಕಂಡು ಏನ್ ಮಾಡ್ತೀರಿ ಮೇಷ್ಟ್ರೆ, ತೂಕ ಐತಲ್ಲ," ಎಂದರು ಅಪ್ಪ. "ಐದು ಎಸೆದೋಳಿಗೆ ನಾಲ್ಕು ತಾನಾಗೇ ಹಾರ್ತೈತೆ."

ಮೇಷ್ಟ್ರು ಟೀ ಮುಗಿಸಿ ಎದ್ದರು. ನನಗೂ ಆ ಲೆಕ್ಕ ಸರಿಯೆಂದೇ ತೋರಿತು. ಆದರೆ ಆ ಬಟ್ಟು ಅಂಗಡಿಗೂ ಬೇಕಿತ್ತು. ಎಮ್ಮೆ, ದನ ಕಟ್ಟಿದವರು ಶೇಂಗಾ ಹಿಂಡಿಗೆ ದಿನಾ ಬರುತ್ತಿದ್ದರು, ಹೆಚ್ಚಿನವರು ಒಯ್ಯುತ್ತಿದ್ದದ್ದು ಐದು ಕಿಲೋದ ಲೆಕ್ಕದಲ್ಲೇ. ಅಪ್ಪ ಅದಕ್ಕೂ ದಾರಿ ಕಂಡುಕೊಂಡರು. ಬಟ್ಟು ಹಗಲು ತಕ್ಕಡಿಗೆ, ಅಂಗಡಿ ಬಾಗಿಲು ಹಾಕಿದ ಮೇಲೆ ನನಗೆ. ಕಬ್ಬಿಣಕ್ಕೇನು ದಣಿವೇ ಎಂದು ಕೇಳಿದರು. ಒಂದೇ ಬಂಡವಾಳದಲ್ಲಿ ಎರಡು ಕೆಲಸವಾಗುವುದನ್ನು ಕಂಡು ಅವರಿಗೆ ಆದ ಆನಂದ, ನಾನು ತಾಲ್ಲೂಕಿಗೆ ಮೊದಲು ಬಂದಾಗಲೂ ಆಗಿರಲಿಲ್ಲ.

ಹೀಗೆ ನನ್ನ ತರಬೇತಿ ಶುರುವಾಯಿತು. ಸಂಜೆ ಮಿಲ್ಲಿನ ಸದ್ದು ನಿಂತ ಮೇಲೆ ಅಂಗಳಕ್ಕೆ ಬಂದು, ಹೊಟ್ಟಿನ ರಾಶಿಗೆ ಎದುರಾಗಿ ನಿಂತು ಎಸೆಯುತ್ತಿದ್ದೆ. ಹೊಟ್ಟಿನಲ್ಲಿ ಬಿದ್ದರೆ ಸದ್ದಾಗುತ್ತಿರಲಿಲ್ಲ, ರಾಶಿ ದಾಟಿ ಬಿದ್ದರೆ ಕಲ್ಲುಚಪ್ಪಡಿಗೆ ಬಡಿದು ಬೀದಿಗೆಲ್ಲ ಕೇಳುತ್ತಿತ್ತು. ಮೊದಮೊದಲು ಹೊಟ್ಟಿನಲ್ಲೇ ಹುಗಿಯುತ್ತಿದ್ದ ಬಟ್ಟು ಬರುಬರುತ್ತಾ ಚಪ್ಪಡಿಗೆ ಬಡಿಯತೊಡಗಿತು. ಆ ಸದ್ದೇ ನನ್ನ ಅಳತೆಗೋಲು. ಅಪ್ಪ ಮಾತ್ರ ಒಮ್ಮೆಯೂ ಬಂದು ನೋಡಲಿಲ್ಲ. ಆ ಹೊತ್ತಿಗೆ ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ದಿನದ ಲೆಕ್ಕ ಮುಗಿಸುತ್ತಿದ್ದರು. ಸಾಮಾನು ಒದಗಿಸಿದ ಮೇಲೆ ಕೊಟ್ಟವನ ಕೆಲಸ ಮುಗಿಯಿತಲ್ಲ.

ಅವ್ವನ ಪ್ರೋತ್ಸಾಹದ ಬಗೆ ಬೇರೆ. ಅದು ಮುಚ್ಚಿಡುವ ಪ್ರೋತ್ಸಾಹ. ಅವ್ವ ಮೊಳಕಾಲ್ಮೂರಿನ ಸೀರೆ ವ್ಯಾಪಾರದ ಮನೆಯಿಂದ ಬಂದವಳು. ನೇಕಾರರ ಮನೆಮನೆಗೆ ರೇಷ್ಮೆ ನೂಲು ಕೊಟ್ಟು, ನೇಯ್ದ ಸೀರೆ ತರಿಸಿಕೊಳ್ಳುವ ಮನೆತನ. ಸೀರೆಯ ಒಳಮೈಯನ್ನು ಗಿರಾಕಿಗೆ ತಾವಾಗಿ ತೋರಿಸಬಾರದು, ಕೇಳಿದರಷ್ಟೇ ಬಿಚ್ಚಬೇಕು ಎಂಬುದು ಅವರ ಕಡೆಯ ಕ್ರಮ. ನನ್ನನ್ನೂ ಅವಳು ಹಾಗೇ ಮಡಿಸಿಟ್ಟಿದ್ದಳು. ನೆಂಟರು ಕೇಳಿದರೆ ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ತಾಲ್ಲೂಕಿನ ಸರ್ಟಿಫಿಕೇಟು ಬೀರುವಿನಲ್ಲಿ ಅವಳ ಮದುವೆಯ ಸೀರೆಯ ಅಡಿ ಮಲಗಿತ್ತು. ಕುಪ್ಪಸ ಹೊಲಿಯುವವನು ಬಲತೋಳಿಗೂ ಎಡತೋಳಿಗೂ ಅಳತೆ ಯಾಕೆ ಹೊಂದುತ್ತಿಲ್ಲ ಎಂದು ಕೇಳಿದಾಗ, ಅವನ ಟೇಪೇ ಹಿಗ್ಗಿದೆ ಎಂದು ದಬಾಯಿಸಿ ಬಂದಿದ್ದಳು. ಅದೇ ಅವ್ವ ತಟ್ಟೆಗೆ ಒಂದು ಮುದ್ದೆ ಹೆಚ್ಚಾಗಿ ಹಾಕಿ, ತುಪ್ಪ ಸುರಿದು, ನಾನು ಉಂಡೇಳುವ ತನಕ ಎದುರಿಗೆ ಕೂತಿರುತ್ತಿದ್ದಳು. ಎಸೆಯುವುದು ಯಾರಿಗೂ ಕಾಣಬಾರದು, ಆದರೆ ಎಸೆಯುವವಳಿಗೆ ಹಸಿವಾಗಬಾರದು.

ಮುಚ್ಚಿಡುವ ವಿಷಯದಲ್ಲಿ ಅಪ್ಪನೂ ಅವ್ವನ ಪಕ್ಷವೇ. ಗೋಡೌನಿನಲ್ಲಿ ಏನಿದೆ ಎಂದು ಪೇಟೆಗೆ ಯಾಕೆ ಗೊತ್ತಾಗಬೇಕು ಎನ್ನುತ್ತಿದ್ದರು. ಹಾಗಾಗಿ ನನ್ನ ಬೆನ್ನ ಹಿಂದೆ ಇಬ್ಬರೂ ಭದ್ರವಾಗಿ ನಿಂತಿದ್ದರು. ನನ್ನ ಪಕ್ಕದಲ್ಲಿ ಕಾಣಿಸಿಕೊಳ್ಳಲು ಮಾತ್ರ ಯಾರೂ ತಯಾರಿರಲಿಲ್ಲ.

ಎರಡನೆಯ ವರ್ಷ ಚಿತ್ರದುರ್ಗದ ಜಿಲ್ಲಾ ಕೂಟದಲ್ಲಿ ಮೊದಲು ಬಂದೆ. ಈ ಸಲ ನಿಜವಾದ ಸ್ಪರ್ಧೆಯೇ ಇತ್ತು. ಅಪ್ಪ ಹೇಳಿದ್ದಂತೆಯೇ ನಾಲ್ಕು ಕಿಲೋ ತಾನಾಗೇ ಹಾರಿತ್ತು. ಬೆಂಗಳೂರಿನ ರಾಜ್ಯಮಟ್ಟದ ಕೂಟಕ್ಕೆ ಆಯ್ಕೆಯಾಗಿ ಬಸ್ಸಿಳಿದು ಮನೆಗೆ ಓಡಿ ಬಂದರೆ, ಅವ್ವನ ತವರಿನಿಂದ ಇನ್ನೊಂದು ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಮೊಳಕಾಲ್ಮೂರಿನ ಒಳ್ಳೆಯ ಮನೆ, ಒಬ್ಬನೇ ಮಗ, ಸೀರೆ ಅಂಗಡಿ, ಹೊಲ. ಹುಡುಗಿ ನೋಡಲು ಬರುತ್ತಾರಂತೆ. ಅವರು ಬರುವ ವಾರವೂ ಕೂಟದ ವಾರವೂ ಒಂದೇ.

ಅವ್ವ ಎರಡನೆಯ ಮಾತೇ ಇಲ್ಲದೆ ಕೂಟ ಬೇಡ ಎಂದಳು. ಬೆಂಗಳೂರಿಗೆ ಹೋದರೆ ಪೇಪರಿನಲ್ಲಿ ಹೆಸರು ಬರುತ್ತದೆ, ಪೇಪರು ಮೊಳಕಾಲ್ಮೂರಿಗೂ ಹೋಗುತ್ತದೆ, ಕಬ್ಬಿಣ ಎಸೆಯುವ ಹುಡುಗಿಯನ್ನು ಯಾರ ಮನೆಯವರು ತುಂಬಿಸಿಕೊಳ್ಳುತ್ತಾರೆ ಎಂದು ಕೇಳಿದಳು. ಕೋಪ ಬಂದರೆ ಅವಳ ಮಾತು ಗಡಿ ದಾಟಿ ತೆಲುಗಿಗೆ ಹೋಗುತ್ತಿತ್ತು, ಅಂದು ಪೂರ್ತಿ ಹೋಗಿತ್ತು. ನಾನು ಅಪ್ಪನ ಮುಖ ನೋಡಿದೆ. ಅವರು ನೋಡೋಣ ಎಂದರು. ಅಂಗಡಿಗೆ ಬಂದ ರೈತನ ಶೇಂಗಾ ಅವರಿಗೆ ಬೇಡವಾಗಿದ್ದಾಗ ಹೇಳುತ್ತಿದ್ದದ್ದೂ ಇದೇ ಮಾತು. ಬೇಡ ಎಂದು ಬಾಯಿಬಿಟ್ಟು ಅವರು ಯಾರಿಗೂ ಅಂದವರಲ್ಲ. ನೋಡೋಣ ಎಂದದ್ದನ್ನು ಕೇಳಿದ ರೈತ ಮೂಟೆ ಎತ್ತಿಕೊಂಡು ಇನ್ನೊಂದು ಮಿಲ್ಲಿಗೆ ಹೋಗುತ್ತಿದ್ದ. ನಾನು ಎಲ್ಲಿಗೆ ಹೋಗಲಿ? ಅಂದು ಊಟ ಮಾಡದೆ ಮಲಗಿದೆ. ಬಹಳ ಅತ್ತೆ.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಹುಡುಗಿ ನೋಡುವ ಶಾಸ್ತ್ರಕ್ಕೆ ಮುಂಚೆ ಹುಡುಗನ ಕಡೆಯ ಹಿರಿಯರೊಬ್ಬರು ಹೇಳದೆ ಕೇಳದೆ, ಯಾವುದೋ ವ್ಯಾಪಾರದ ನೆಪ ಮಾಡಿಕೊಂಡು ಬಂದು ಮನೆತನ ಹೇಗಿದೆ ಎಂದು ನೋಡಿ ಹೋಗುವುದು. ಬಂದವರು ಯಾರೆಂದು ಹುಡುಗಿಯ ಮನೆಯವರಿಗೆ ಗೊತ್ತಿರುತ್ತದೆ. ಇವರಿಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಿರುತ್ತದೆ. ಆದರೂ ಇಬ್ಬರೂ ಎಣ್ಣೆಯ ರೇಟನ್ನೇ ಮಾತಾಡಬೇಕು. ಹಾಗೆ ಹುಡುಗನ ದೊಡ್ಡಪ್ಪ ಒಂದು ಸಂತೆಯ ದಿನ ಬೆಳಿಗ್ಗೆ ಬಂದು, ಅಂಗಡಿಯ ಬೆಂಚಿನ ಮೇಲೆ ಕೂತು, ಟೀ ಕುಡಿಯುತ್ತಾ ತನಗೆ ಬೇಡದ ಎಣ್ಣೆಯ ರೇಟು ಕೇಳತೊಡಗಿದರು. ಅಪ್ಪ ಬಹಳ ಗಂಭೀರವಾಗಿ ರೇಟು ಹೇಳುತ್ತಿದ್ದರು. ಅಂಗಡಿಗೂ ಮಿಲ್ಲಿಗೂ ನಡುವಿನ ಬಾಗಿಲ ಸಂದಿಯಲ್ಲಿ ಅವ್ವ ಮತ್ತು ನಾನು ನಿಂತಿದ್ದೆವು.

ಆಗಲೇ ಹಿಂಡಿ ತಕ್ಕಡಿಯ ಹತ್ತಿರ ಗಲಾಟೆ ಶುರುವಾಯಿತು. ತಳಕು ಊರಿನ ಕಡೆಯಿಂದ ಪ್ರತಿ ಸಂತೆಗೂ ಬರುತ್ತಿದ್ದ ಎಮ್ಮೆ ಸಾಕಿದ ಅಜ್ಜಿ, ಒಂದೆರಡು ಸಲದಿಂದ ಹಿಂಡಿ ಬೇಗ ಮುಗಿಯುತ್ತಿದೆ ಎಂದು ತಕರಾರು ತೆಗೆದಿದ್ದಳು. ಹೋದ ಸಲ ಅಪ್ಪ, ಎಮ್ಮೆಯ ಹಸಿವು ಹೆಚ್ಚಾಗಿರಬೇಕು ಎಂದು ನಕ್ಕು ಕಳಿಸಿದ್ದರು. ಈ ಸಲ ನಗುವಂತಿರಲಿಲ್ಲ. ಸಂತೆಯ ಅಂಗಡಿಗಳ ತೂಕ ನೋಡುತ್ತಾ ಬಂದ ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರು ಅಜ್ಜಿಯ ಮಾತು ಕೇಳಿಸಿಕೊಂಡು ಒಳಗೇ ಬಂದರು. ತಮ್ಮ ಸರ್ಕಾರಿ ಬಟ್ಟನ್ನು ಒಂದು ತಟ್ಟೆಯಲ್ಲಿಟ್ಟು, ನಮ್ಮದನ್ನು ಇನ್ನೊಂದರಲ್ಲಿಟ್ಟರು. ನಮ್ಮ ತಟ್ಟೆ ಮೇಲೆದ್ದು ನಿಂತಿತು. ಬಟ್ಟನ್ನು ಮಗುಚಿ ಹಾಕಿದರು. ಇಂಥ ಬಟ್ಟುಗಳ ಅಡಿಯಲ್ಲಿ ಒಂದು ಗುಳಿ, ಅದರೊಳಗೆ ತೂಕ ಸರಿತೂಗಿಸಲು ತುಂಬಿದ ಸೀಸ, ಸೀಸದ ಮೇಲೆ ಸರ್ಕಾರದ ಮುದ್ರೆ ಇರುತ್ತದೆ. ನಮ್ಮ ಬಟ್ಟಿನಲ್ಲಿ ಗುಳಿ ಮಾತ್ರ ಇತ್ತು. ದಿನಾ ಸಂಜೆ ಚಪ್ಪಡಿಗೆ ಬಡಿದು ಬಡಿದು ಸೀಸ ಸಡಿಲವಾಗಿ, ಯಾವತ್ತೋ ಕಳಚಿ ಹೊಟ್ಟಿನೊಳಗೆ ಸೇರಿಹೋಗಿತ್ತು. ಆ ಹೊಟ್ಟು ಆಗಲೇ ಇಟ್ಟಿಗೆ ಭಟ್ಟಿಗೆ ಹೋಗಿ ಉರಿದಿತ್ತು.

ಅಂಗಡಿ ತುಂಬಿಕೊಂಡಿತು. ಎದುರಿನ ಮಿಲ್ಲಿನವರೂ ಟೀ ಲೋಟ ಹಿಡಿದುಕೊಂಡೇ ಬಂದರು. ನ್ಯಾಯವಾದ ತೂಕದ ಬೋರ್ಡಿನ ಕೆಳಗೆ ಅಪ್ಪ ನಿಂತಿದ್ದರು. ಅವರ ಮುಂದೆ ಇದ್ದದ್ದು ಎರಡೇ ದಾರಿ. ಬಾಯಿ ಮುಚ್ಚಿಕೊಂಡರೆ, ಮುದುಕಿಯ ಎಮ್ಮೆಯ ಹೊಟ್ಟೆಗೆ ಹೊಡೆದ ಕಳ್ಳ. ಬಾಯಿ ಬಿಟ್ಟರೆ, ಬೆಂಚಿನ ಮೇಲೆ ಕೂತವರ ಎದುರಿಗೇ ಮಗಳ ಗುಟ್ಟು ರಟ್ಟು. ಅವರು ನೋಡೋಣ ಎನ್ನುತ್ತಾರೆಂದು ನಾನು ಕಾದೆ. ಇನ್ಸ್‌ಪೆಕ್ಟರಿಗೆ ಹಾಗೆ ಹೇಳುವಂತಿರಲಿಲ್ಲ.

"ನನ್ ಮಗಳು ಎಸೀತಾಳ್ರಿ ಅದನ್ನ," ಎಂದರು ಅಪ್ಪ. "ಗುಂಡು ಎಸೆತ. ಜಿಲ್ಲೆಗೇ ಫಸ್ಟ್ ಬಂದೌಳೆ. ಎಸೆದು ಎಸೆದು ಸೀಸ ಬಿದ್ದೋಗೈತೆ."

ಅಂಗಡಿಗೆ ಅಂಗಡಿಯೇ ನಕ್ಕಿತು. ಎದುರಿನ ಮಿಲ್ಲಿನವರು ಟೀ ಚೆಲ್ಲಿಕೊಂಡು ನಕ್ಕರು. ಅಪ್ಪ ಆಯುಷ್ಯದಲ್ಲಿ ಮೊದಲ ಸಲ ನನ್ನ ವಿಷಯವನ್ನು ನಾಲ್ಕು ಜನರ ಮುಂದೆ ಹೇಳಿದ್ದರು, ಅದನ್ನು ಒಬ್ಬರೂ ನಂಬಲಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಸಬೂಬು ತಾನು ಕೇಳಿರಲಿಲ್ಲ ಎಂದು ಇನ್ಸ್‌ಪೆಕ್ಟರು ಹೊಗಳಿದರು. ಹಾಗಾದರೆ ಆ ಹುಡುಗಿಯನ್ನು ಕರೆಯಿರಿ, ನಾವೂ ನೋಡುತ್ತೇವೆ ಎಂದರು.

ಅಪ್ಪ ಬಾಗಿಲ ಕಡೆ ತಿರುಗಿದರು, ಕರೆಯಲಿಲ್ಲ. ನಾನು ಅವ್ವನನ್ನು ನೋಡಿದೆ. ಅವಳು ಬೆಂಚಿನ ಮೇಲಿನ ದೊಡ್ಡಪ್ಪನನ್ನು ನೋಡುತ್ತಿದ್ದಳು. ಮೊಳಕಾಲ್ಮೂರಿನ ಆ ಒಳ್ಳೆಯ ಮನೆ, ಒಬ್ಬನೇ ಮಗ, ಸೀರೆ ಅಂಗಡಿ ಎಲ್ಲವೂ ಅವಳ ಮುಖದ ಮೇಲೆ ಬಂದು ಹೋದದ್ದು ನನಗೆ ಕಂಡಿತು. ಆಮೇಲೆ ಅವಳು ನನ್ನ ದುಪಟ್ಟಾ ಎಳೆದು, ಹೆಗಲಿನಿಂದ ಸೊಂಟಕ್ಕೆ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ಕಳ್ಳನ ಮಗಳನ್ನ ಯಾರೂ ತಗಳಲ್ಲ," ಎಂದಳು ಕಿವಿಯ ಹತ್ತಿರ. "ಎಸೆಯೋಳನ್ನ ಯಾರಾನ ತಗಂಡಾರು. ಹಗುರಕ್ಕೆ ಎಸೀಬ್ಯಾಡ, ಮತ್ತೆ."

ಕ್ರೀಡೆಯ ಬಗ್ಗೆ ಅವ್ವ ನನಗೆ ಕೊಟ್ಟ ತರಬೇತಿ ಅದೊಂದೇ. ಅದಕ್ಕಿಂತ ಒಳ್ಳೆಯದನ್ನು ಆಮೇಲೆ ಬಂದ ಯಾವ ಕೋಚೂ ಕೊಟ್ಟಿಲ್ಲ.

ಎಲ್ಲರೂ ಅಂಗಳಕ್ಕೆ ಬಂದರು. ದೊಡ್ಡಪ್ಪನೂ ಟೀ ಬಿಟ್ಟು ಬಂದರು. ಹಮಾಲರು ಮೂಟೆ ಇಳಿಸಿ ಗೋಡೆಗೆ ಒರಗಿ ನಿಂತರು. ಇನ್ಸ್‌ಪೆಕ್ಟರು ಬಟ್ಟನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. ಸಾಕ್ಷಿಯ ಸಾಮಾನಾದ್ದರಿಂದ ಎರಡೂ ಕೈಯಲ್ಲಿ ಹಿಡಿದು, ಬಹಳ ಜೋಪಾನವಾಗಿ ಕೊಟ್ಟರು. ನಾನು ಅದನ್ನು ಕುತ್ತಿಗೆಗೆ ಆನಿಸಿ, ಎಸೆಯುವ ದಿಕ್ಕಿಗೆ ಬೆನ್ನು ತಿರುಗಿಸಿ ನಿಂತೆ. ನಾಚಿಕೆ ಇತ್ತು. ಸಿಟ್ಟೂ ಇತ್ತು. ಅತ್ತು ಮಲಗಿದ ಆ ರಾತ್ರಿಯ ಸಿಟ್ಟು, ನಕ್ಕವರ ಮೇಲಿನ ಸಿಟ್ಟು, ಎರಡು ವರ್ಷ ಗೋಡೌನಿನಲ್ಲಿಟ್ಟ ಸಿಟ್ಟು. ಎಲ್ಲವನ್ನೂ ಸೇರಿಸಿ ಎಸೆದೆ.

ಬಟ್ಟು ಹೊಟ್ಟಿನ ರಾಶಿ ದಾಟಿತು. ಚಪ್ಪಡಿಯನ್ನೂ ದಾಟಿತು. ಅದರಾಚೆ ನಿಂತಿದ್ದ ಲಾರಿಯ ಚಕ್ರಕ್ಕೆ ಬಡಿದು ಬಿತ್ತು. ನಗುತ್ತಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದರು. ಎಮ್ಮೆಯ ಅಜ್ಜಿ ಬಾಯಿಗೆ ಹಿಡಿದಿದ್ದ ಸೆರಗು ತೆಗೆದು, ಸಾವ್ಕಾರ ಸುಳ್ಳು ಹೇಳಿಲ್ಲ ಬಿಡ್ರಪ್ಪ ಎಂದಳು. ಪೇಟೆಯ ತೀರ್ಪು ಅಲ್ಲಿಗೆ ಆಯಿತು.

ಸರ್ಕಾರದ ತೀರ್ಪು ಮಾತ್ರ ಬೇರೆ ಇತ್ತು. ಇನ್ಸ್‌ಪೆಕ್ಟರು ನನ್ನನ್ನು ಮನಸಾರೆ ಹೊಗಳಿ, ಆಮೇಲೆ ಅಪ್ಪನ ಮೇಲೆ ಕೇಸು ಬರೆದರು. ಬಟ್ಟು ಹಗುರವಾಗಿರುವುದು ಕಾನೂನಿಗೆ ಮುಖ್ಯ, ಯಾಕೆ ಹಗುರವಾಯಿತು ಎಂಬುದಲ್ಲ ಎಂದು ವಿವರಿಸಿದರು. ಸತ್ಯ ಹೇಳಿ, ಅದನ್ನು ಎಲ್ಲರೆದುರು ರುಜುವಾತು ಮಾಡಿ, ಆಮೇಲೂ ದಂಡ ಕಟ್ಟಿದವರು ನಮ್ಮ ಪೇಟೆಯಲ್ಲಿ ನಮ್ಮಪ್ಪ ಒಬ್ಬರೇ ಇರಬೇಕು.

ಆದರೆ ಅಪ್ಪ ಆ ಮಾತನ್ನೆಲ್ಲ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಬಟ್ಟು ಬಿದ್ದ ಕೂಡಲೇ ಹಮಾಲರಿಗೂ ಬಿಡದೆ ತಾವೇ ಲಾರಿಯ ಹತ್ತಿರ ಹೋಗಿ ಅದನ್ನು ಎತ್ತಿಕೊಂಡಿದ್ದರು. ಹಿಡಿದುಕೊಂಡು ಬರುತ್ತಾ ನಡುವೆಯೇ ನಿಂತರು. ಬಟ್ಟಿನ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒರೆಸಿದರು, ಬೆರಳು ನೋಡಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು ಗಲ್ಲ ಹಿಡಿದು ಮುಖ ಎಡಕ್ಕೆ ತಿರುಗಿಸಿದರು. ಬಟ್ಟನ್ನು ಆನಿಸಿಕೊಳ್ಳುವ ಜಾಗದಲ್ಲಿ, ದವಡೆಯ ಕೆಳಗೆ, ಕುತ್ತಿಗೆಯ ಚರ್ಮ ಕಿತ್ತು, ಮಾದು, ಮತ್ತೆ ಕಿತ್ತು, ಜಡ್ಡುಗಟ್ಟಿತ್ತು. ಆ ದಿನ ಜೋರಾಗಿ ಎಸೆದದ್ದರಿಂದ ರಕ್ತ ಬಂದಿತ್ತು.

"ಇದು ಯಾವಾಗಿಂದ?" ಎಂದರು.

ನಾನು ಜಡೆಯನ್ನು ಮುಂದಕ್ಕೆ ಎಳೆದುಕೊಂಡೆ. ದಿನಾ ಮಲಗುವಾಗ ಅರಿಶಿಣ ಎಣ್ಣೆ ಹಚ್ಚುತ್ತಿದ್ದ ಅವ್ವ, ಆಟ ಅಂದ ಮೇಲೆ ಹೀಗೇ ಇರುತ್ತದೆ ಎಂದುಕೊಂಡಿದ್ದಳು. ನನಗೆ ಹಾಗಲ್ಲ ಎಂದು ಗೊತ್ತಿತ್ತು. ಕಾಲೇಜಿನ ಗುಂಡು ದುಂಡಗಿತ್ತು, ನುಣ್ಣಗಿತ್ತು. ಆದರೆ ನೋಯುತ್ತದೆ ಎಂದು ಹೇಳಿದರೆ, ಹಾಗಾದರೆ ಬಿಟ್ಟುಬಿಡು ಎಂದಾರು ಎಂಬ ಹೆದರಿಕೆ. ಕೊಟ್ಟಿದ್ದನ್ನು ವಾಪಸು ತೆಗೆದುಕೊಳ್ಳಲು ಅಪ್ಪನಿಗೆ ನೆಪ ಸಿಗಬಾರದಿತ್ತು. ಅದಕ್ಕೇ ನಾನು ಕುತ್ತಿಗೆ ಮುಚ್ಚುವಂತೆ ಜಡೆ ಮುಂದಕ್ಕೆ ಬಿಟ್ಟುಕೊಂಡು ಓಡಾಡುತ್ತಿದ್ದೆ. ಅಷ್ಟು ಮುಚ್ಚುವ ಅಗತ್ಯವೂ ಇರಲಿಲ್ಲ. ಅವ್ವನನ್ನು ಬಿಟ್ಟರೆ ಯಾರು ನೋಡುತ್ತಿದ್ದರು?

ಅಪ್ಪ ಇನ್ನೇನೂ ಕೇಳದೆ ಬಟ್ಟನ್ನು ಇನ್ಸ್‌ಪೆಕ್ಟರ ಮುಂದೆ ಇಟ್ಟು, ತಗಂಡೋಗ್ರಿ ಎಂದರು. ಎಮ್ಮೆಯ ಅಜ್ಜಿಯ ಚೀಲಕ್ಕೆ ಕೈಯಾರೆ ಹಿಂಡಿ ತುಂಬಿದರು, ತೂಗಲೇ ಇಲ್ಲ.

ದೊಡ್ಡಪ್ಪ ಎಣ್ಣೆಯ ರೇಟು ಜಾಸ್ತಿಯಾಯಿತೆಂದು ಹೇಳಿ ಹೊರಟುಹೋದರು. ಒಂದೆರಡು ದಿನದಲ್ಲಿ ಜಾತಕ ಕೂಡಿ ಬರಲಿಲ್ಲ ಎಂದು ಮೊಳಕಾಲ್ಮೂರಿನಿಂದ ಸುದ್ದಿ ಬಂತು. ನಾವು ಜಾತಕ ಕೊಟ್ಟೇ ಇರಲಿಲ್ಲ. ಅವ್ವ ತೆಲುಗಿನಲ್ಲಿ ಅವರ ಇಡೀ ವಂಶಕ್ಕೆ ಮಂಗಳಾರತಿ ಎತ್ತಿ, ಬೀರು ತೆಗೆದು, ಮದುವೆ ಸೀರೆಯ ಕೆಳಗಿದ್ದ ಸರ್ಟಿಫಿಕೇಟನ್ನು ಹೊರಗೆ ತಂದಳು. ಇನ್ನು ಮುಚ್ಚಿಡುವುದು ದಂಡದ ಕೆಲಸ ಎಂದು ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದಳು. ಬಂದವರೆಲ್ಲ ಅದನ್ನು ಓದಿಯೇ ಕೂರಬೇಕು, ಹಾಗೆ ಬಾಗಿಲಿಗೆ ನೇರವಾಗಿ.

ಅಪ್ಪ ಮರುದಿನ ಮಿಲ್ಲಿಗೆ ಬೀಗ ಹಾಕಿದರು. ಅಜ್ಜ ತೀರಿಕೊಂಡಾಗ ಮಣ್ಣು ಮುಗಿಸಿ ಬಂದು ಸಂಜೆಗೇ ಬಾಗಿಲು ತೆಗೆದಿದ್ದ ಮಿಲ್ಲು ಅದು. ದಾವಣಗೆರೆಯ ಬಸ್ಸು ಹತ್ತಿ ಹೋಗಿ, ಕತ್ತಲಾಗುವ ಹೊತ್ತಿಗೆ ಬಂದು, ಹಿಂಡಿಯ ಚೀಲದಿಂದ ದುಂಡನೆಯ ಗುಂಡು ತೆಗೆದು ಜಗಲಿಯ ಮೇಲಿಟ್ಟರು. ಇದು ಅಂಗಡಿಗೆ ಬರಂಗಿಲ್ಲ ಎಂದು ಮಾತ್ರ ಹೇಳಿದರು. ಆ ಸಂಜೆಯಿಂದ ಅಂಗಳದಲ್ಲಿ ಒಂದು ಕಬ್ಬಿಣದ ಕುರ್ಚಿ ಬಂತು. ಗಲ್ಲಾಪೆಟ್ಟಿಗೆಯನ್ನು ಅಣ್ಣನಿಗೆ ಬಿಟ್ಟು ಅಪ್ಪ ಅದರ ಮೇಲೆ ಬಂದು ಕೂರತೊಡಗಿದರು. ಹೇಗೆ ಎಸೆಯಬೇಕೆಂದು ಹೇಳಿಯಾರು ಎಂದು ನಾನು ಹೆದರಿದ್ದೆ. ಗಡ್ಡ ಕೆರೆದುಕೊಳ್ಳುತ್ತಾ ಸುಮ್ಮನೆ ನೋಡುತ್ತಿದ್ದರು.

ಬೆಂಗಳೂರಿಗೂ ಜೊತೆಗೆ ಬಂದರು. ಅಲ್ಲಿಯ ಮೈದಾನದಲ್ಲಿ ನನಗಿಂತ ಎತ್ತರದ, ನನಗಿಂತ ಚುರುಕಾದ ಹುಡುಗಿಯರಿದ್ದರು. ಅವರಿಗೆ ಗುಂಡಿನ ಜೊತೆಗೆ ಬೂಟು, ಕೋಚು, ಮಧ್ಯೆ ಕುಡಿಯಲು ಗ್ಲೂಕೋಸು ಎಲ್ಲ ಇದ್ದವು. ಕೊನೆಯ ಸುತ್ತಿಗೆ ಆರಿಸಿದವರ ಹೆಸರು ಓದಿದಾಗ ನನ್ನದು ಇರಲಿಲ್ಲ. ಕರ್ನಾಟಕ ಎಂದು ಬರೆದ ಅಂಗಿ ಬೇರೆ ಯಾರದೋ ಬೆನ್ನಿಗೆ ಹೋಯಿತು. ಮುಂದೆಯೂ ಅದು ನನಗೆ ಸಿಗಲಿಲ್ಲ. ಅಪ್ಪ ಮೆಟ್ಟಿಲುಗಳ ಮೇಲೆ ಬಿಸಿಲಿನಲ್ಲೇ ಕೂತು, ಪಕ್ಕದವರಿಗೆಲ್ಲ ನನ್ನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದದ್ದು ದೂರದಿಂದ ಕಂಡಿತ್ತು. ಸೋತ ಮೇಲೂ ತೋರಿಸುತ್ತಲೇ ಇದ್ದರು.

ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಗುಂಡಿನ ಚೀಲ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ವ್ಯಾಪಾರದಲ್ಲಿ ಸೋತವರನ್ನು ಅಪ್ಪ ಎಲ್ಲಿ ತಪ್ಪಿತು ಎಂದು ಕೇಳದೆ ಬಿಟ್ಟವರಲ್ಲ. ನಾನು ಅದಕ್ಕೆ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಶಿರಾ ದಾಟಿದ ಮೇಲೆ ಅವರು ಕೇಳಿದ್ದು ಬೇರೆ.

"ಗುಂಡು ಕುತ್ತಿಗೆಗೆ ಇಟ್ಕಂಬೋವಾಗ ಕಣ್ಣು ಮುಚ್ಕಂತೀಯಲ್ಲ ಮಗಾ, ಯಾಕೆ?"

ನಾನು ಮುಚ್ಚುತ್ತೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬೇರೆ ಹುಡುಗಿಯರು ಹಾಗೆ ಮಾಡುವುದಿಲ್ಲವಂತೆ, ಅಪ್ಪ ಒಬ್ಬೊಬ್ಬರನ್ನೂ ನೋಡಿದ್ದರಂತೆ. ಯೋಚಿಸಿ ನೋಡಿದೆ. ಕುತ್ತಿಗೆಗೆ ಕಬ್ಬಿಣ ತಾಗುವ ಹೊತ್ತಿಗೆ ಮೈ ತಾನಾಗೇ ಬಿಗಿಯುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿತ್ತು.

"ಮೂಲೆ ಚುಚ್ತೈತೆ ಅಂತ," ಎಂದೆ.

"ಇದಕ್ಕೆ ಮೂಲೆ ಇಲ್ವಲ್ಲೇ."

"ಗೊತ್ತು," ಎಂದೆ.

ಅಪ್ಪ ತೊಡೆಯ ಮೇಲಿದ್ದ ಚೀಲದೊಳಗೆ ಕೈ ಹಾಕಿ ಗುಂಡಿನ ಮೇಲೆ ಇಟ್ಟುಕೊಂಡು, ಕಿಟಕಿಯ ಕಡೆ ತಿರುಗಿದರು. ಹಿರಿಯೂರು ಬಂದು, ಟೀಗೆ ಇಳಿಯುವವರೆಲ್ಲ ಇಳಿದರೂ ಅವರು ಕೈ ತೆಗೆಯಲಿಲ್ಲ, ಕಿಟಕಿಯ ಕಡೆಯಿಂದ ಮುಖವನ್ನೂ ಇತ್ತ ತಿರುಗಿಸಲಿಲ್ಲ.